ಹುಳುಮನೆಯ ಬಾಗಿಲಲ್ಲಿ

ಕೋಲಾರ,
ಮಂಗಳವಾರ

ಶ್ರೀವಾಣಿ,

ಭಾನುವಾರ ಹುತ್ತೂರಿನ ನಿಮ್ಮ ಮನೆಗೆ ಬಂದಿದ್ದೆ, ನೀನಿರಲಿಲ್ಲ. ನಿನ್ನ ಓದಿನ ಬಗ್ಗೆ ಮಾತಾಡಲು ಬಂದೆ ಎಂದು ಅಮ್ಮನಿಗೆ ಹೇಳಿದ್ದು ಸುಳ್ಳು. ಪಕ್ಕದ ಹಿಪ್ಪುನೇರಳೆ ತೋಟ ಸೈಟುಗಳಾಗುತ್ತಿದೆಯಲ್ಲ, ಅದರಲ್ಲೊಂದನ್ನು ನೋಡಲು ಬಂದಿದ್ದೆ.

ರೇಷ್ಮೆ ಹುಳು ಸಾಕುವ ಮನೆಯ ಬಾಗಿಲಲ್ಲೇ ಅಮ್ಮ ತಡೆದರು. "ಸೆಂಟ್ ಹಾಕ್ಕೊಂಡಿದೀರ ಸಾ, ಒಳಗೆ ಬರಬೇಡಿ, ಹುಳಕ್ಕೆ ಆಗಲ್ಲ." ಹೊರಗೇ ನಿಂತೆ. ಅಷ್ಟರಲ್ಲಿ ಮಳೆಯ ಸದ್ದು ಕೇಳಿಸಿತು. ಕಾರಿನ ಗಾಜು ಏರಿಸಲು ಓಡಿದೆ. ಅಮ್ಮ ನಕ್ಕುಬಿಟ್ಟರು: "ಮಳೆ ಎಲ್ಲಿ ಬಂತು ಸಾ? ಹುಳ ಸೊಪ್ಪು ತಿಂತಾ ಅವೆ."

ಕಿರುಪರೀಕ್ಷೆಯಲ್ಲಿ, ಪ್ರಕೃತಿ ಕವಿತೆಯ ಪ್ರಶ್ನೆಗೆ ನೀನು ಬರೆದದ್ದು ಇದನ್ನೇ. ಹುಳ ಮೇಯುವುದು ಮಳೆಯಂತೆ ಕೇಳುತ್ತದೆ ಎಂದು. ನಾನು ಅದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, 'ಪಠ್ಯದಲ್ಲಿಲ್ಲ' ಎಂದು ಬರೆದು ಸೊನ್ನೆ ಕೊಟ್ಟೆ. ಕೊಳ್ಳುವ ಹಂಬಲದಲ್ಲಿ ಮನುಷ್ಯ ಪ್ರಕೃತಿಗೆ ಕಿವುಡನಾದ ಎಂದು ಹದಿನೆಂಟು ವರ್ಷದಿಂದ ಅದೇ ಕವಿತೆಯ ಪಾಠ ಹೇಳುತ್ತಿರುವವನು ನಾನೇ.

ಅಂಕ ತಿದ್ದಿದ್ದೇನೆ. ಸೈಟು ಬೇಡವೆಂದು ಮಾತ್ರ ಮಾರುವವರಿಗೆ ಇನ್ನೂ ಹೇಳಿಲ್ಲ. ನಾನು ಬಂದದ್ದು ಸೈಟು ನೋಡಲು ಎಂದು ಅಮ್ಮನಿಗೆ ನೀನೇ ತಿಳಿಸಿಬಿಡು, ನನಗೆ ಮುಖವಿಲ್ಲ. ಆಮೇಲೂ ಅವರು ಒಪ್ಪಿದರೆ, ಮುಂದಿನ ಬೆಳೆಯಲ್ಲಿ ಹುಳ ಜೋರಾಗಿ ಮೇಯುವ ದಿನ ಯಾವುದೆಂದು ಬರೆ. ಸೆಂಟ್ ಹಾಕದೆ ಬರುತ್ತೇನೆ. ಬಾಗಿಲ ಹೊರಗೇ ನಿಲ್ಲುತ್ತೇನೆ.

ನಿನ್ನ ಇಂಗ್ಲಿಷ್ ಮೇಷ್ಟ್ರು,
ಕದಿರೇಶ್