ಮರುವಾಯಿ ಎಂದು ಹೊಗಳಿ ಬೀಗ ಹಾಕಿದವರಿಗೆ

ಅಷ್ಟಾದರೂ ನನ್ನ ಪ್ರಶ್ನೆಗೆ ತಾವು ಉತ್ತರ ಕೊಡಲಿಲ್ಲ, ಮಾನ್ಯ ಅಧಿಕಾರಿಗಳೇ. ನಿನ್ನೆ ತಮ್ಮ ಕಚೇರಿಯಲ್ಲಿ ನಾನು ಕೇಳಿದ್ದು ಒಂದೇ: ಮಣಿಪಾಲದ ಆ ಸಭಾಂಗಣದ ಬೀಗ ಯಾವಾಗ ತೆಗೆಯುತ್ತೀರಿ? ತಾವು ಗಡಿಯಾರ ನೋಡಿದಿರಿ, ಜವಾನ ಬಾಗಿಲು ತೋರಿಸಿದ. ಹಾಗಾಗಿ ಉಳಿದ ಮಾತನ್ನು ಪತ್ರಿಕೆಯಲ್ಲಿ, ಊರಿನವರೆದುರೇ ಆಡುತ್ತಿದ್ದೇನೆ. ವಿತ್ ಡ್ಯೂ ರೆಸ್ಪೆಕ್ಟ್. ಅದರ ಮುಂದೆ ಇನ್ನೇನೋ ಬರುತ್ತದೆ, ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದು, ಮರೆತಿದೆ.

ಓದುಗರಿಗೂ ವಿಷಯ ಗೊತ್ತಿರಲಿ. ಪರ್ಕಳದ ಕಲಾವಿದೆ ವಿಜೇತಾ ಕಳೆದ ವರ್ಷ ಹೆಂಗಸರನ್ನು ಕೂರಿಸಿಕೊಂಡು ಶಿಬಿರ ನಡೆಸಿದಳು. ಒಬ್ಬ ವೈದ್ಯೆ ಬಂದು ಶರೀರದ ಪಾಠ ಹೇಳಿದರು. ಯೋನಿಯ ಹೊರರೂಪ ಒಬ್ಬರದ್ದರಂತೆ ಇನ್ನೊಬ್ಬರದ್ದು ಇರುವುದಿಲ್ಲ, ಮೂಗು ಕಿವಿಗಳ ಹಾಗೆ; ಬಣ್ಣ ಬೇರೆ, ಅಳತೆ ಬೇರೆ, ಒಂದು ಬದಿ ಹೆಚ್ಚು ಇನ್ನೊಂದು ಬದಿ ಕಡಿಮೆ, ಎಲ್ಲವೂ ಸರಿಯೇ ಎಂಬ ಪಾಠ. ಬಳಿಕ ಅವರವರು ಮನೆಯಲ್ಲಿ ಕನ್ನಡಿ ಹಿಡಿದು ನೋಡಿಕೊಂಡು, ತಮ್ಮದನ್ನು ತಾವೇ ಆವೆಮಣ್ಣಿನಲ್ಲಿ ಮಾಡಿದರು.

ಅವನ್ನೆಲ್ಲ ಆ ಸಭಾಂಗಣದಲ್ಲಿ ಜೋಡಿಸಿಟ್ಟ ಪ್ರದರ್ಶನವನ್ನು ಉದ್ಘಾಟಿಸಿದವರು ತಾವೇ. ಆಮಂತ್ರಣ ಪತ್ರಿಕೆ ಓದದೆ ಬಂದು, ದೀಪ ಹಚ್ಚಿ, ‘ನಮ್ಮ ಕರಾವಳಿಯ ಮರುವಾಯಿ ಚಿಪ್ಪುಗಳನ್ನು ಎಷ್ಟು ಚೆಂದವಾಗಿ ಮೂಡಿಸಿದ್ದಾರೆ’ ಎಂದು ಮೈಕಿನಲ್ಲಿ ಹೊಗಳಿದಿರಿ. ಹಿಂದಿನ ಸಾಲಿನ ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ದೂರುವುದಿಲ್ಲ, ಹೊಳೆಯ ಮರುವಾಯಿ ಸುಲಿದು ಉಂಡು ಬೆಳೆದ ಕಣ್ಣಿಗೆ ಹಾಗೆ ಕಂಡೀತು. ಮರುದಿನ ಯಾರೋ ತಮ್ಮ ಕಿವಿಯಲ್ಲಿ ಅಸಲು ಸಂಗತಿ ಊದಿದರು. ಸಂಜೆಗೆ ಬೀಗ, ಬಾಗಿಲಿಗೆ ‘ಅಶ್ಲೀಲ’ ಎಂಬ ಆದೇಶ. ಮಣ್ಣು ಅದೇ, ಆಕಾರ ಅದೇ. ಒಂದು ರಾತ್ರಿಯಲ್ಲಿ ಕೆಟ್ಟದ್ದು ಯಾವುದು?

ಕಾರ್ಕಳದ ಬಂಡೆಯ ಮೇಲೆ ಗೊಮ್ಮಟಸ್ವಾಮಿ ಬಟ್ಟೆಯಿಲ್ಲದೆ ನಿಂತಿದ್ದಾನೆ. ಶಾಲೆ ಮಕ್ಕಳನ್ನು ಬಸ್ಸಿನಲ್ಲಿ ಕರೆದೊಯ್ದು ಕೈಮುಗಿಸುತ್ತೇವೆ, ಮುಗಿಸಬೇಕಾದ್ದೇ. ಕೆಡ್ಡಸ ಬಂತೆಂದರೆ ಭೂಮಿತಾಯಿ ಮುಟ್ಟಾದಳೆಂದು ನೆಲ ಅಗೆಯದೆ, ಕೊನೆಯ ದಿನ ಅವಳ ಸ್ನಾನಕ್ಕೆ ಅಂಗಳದಲ್ಲಿ ಎಣ್ಣೆ ಬಿಡುವ ಜನ ನಾವು. ಭೂಮಿಯ ಮೈಗೆ ನಾಚದವರು ಮನೆಯ ಹೆಂಗಸಿನ ಮೈಗೆ ನಾಚುವುದು ಎಲ್ಲಿಯ ಸಂಸ್ಕೃತಿ?

‘ಇದರಲ್ಲಿ ನಿಮಗೆ ಎಂತ?’ ಎಂದು ತಾವು ಕೇಳಿದಿರಿ. ಹೇಳುತ್ತೇನೆ. ನನ್ನ ಹೆಂಡತಿ ಸುಗಂಧಿ ಆ ಶಿಬಿರಕ್ಕೆ ಹೋಗಿದ್ದಳು. ಅವಳ ತಂಗಿ ಕಮಲ ಎಳೆದುಕೊಂಡು ಹೋದದ್ದು. ಕಾಪುವಿನ ನಮ್ಮ ಮನೆಗೆ ಉಗುರಲ್ಲಿ ಮಣ್ಣು ತುಂಬಿಕೊಂಡು, ತನ್ನಷ್ಟಕ್ಕೆ ನಗುತ್ತಾ ಬರುತ್ತಿದ್ದಳು.

“ಎಂತ ಮಾಡುವುದು ಅಲ್ಲಿ ನೀವೆಲ್ಲ?”

“ಮಣ್ಣಿನ ಕೆಲಸ.”

“ಮಣ್ಣಿನಲ್ಲಿ ಎಂತ?”

“ನಿಮಗೆ ಎಂತಕ್ಕೆ ಅದು? ಗಂಜಿ ಆರ್ತಾ ಉಂಟು, ಊಟ ಮಾಡಿ.”

ಆಮೇಲಿನ ಮಳೆಗಾಲದಲ್ಲಿ, ಪ್ರದರ್ಶನಕ್ಕೆ ಮೊದಲೇ, ಸುಗಂಧಿ ಹೃದಯ ನಿಂತು ಹೋಗಿಬಿಟ್ಟಳು. ತಾವು ಮರುವಾಯಿಯನ್ನು ಹೊಗಳುತ್ತಿದ್ದಾಗ ಪಕ್ಕದಲ್ಲಿ ಕೂತಿದ್ದ ಕಮಲ ಮೆಲ್ಲಗೆ ಹೇಳಿದಳು: “ಭಾವ, ಅಕ್ಕನದ್ದೂ ಉಂಟು ಇಲ್ಲಿ.”

“ಯಾವುದು?”

“ಅದು ಹೇಳ್ಲಿಕ್ಕಿಲ್ಲ. ನಾವು ಹೆಂಗಸರು ಮಾತು ಕೊಟ್ಟದ್ದು. ಇಷ್ಟು ವರ್ಷ ಸಂಸಾರ ಮಾಡಿದವರು ನೀವು, ಗುರ್ತ ಸಿಗ್ಬೇಕಿತ್ತು ಅಲ್ವಾ?”

ಸಿಗಲಿಲ್ಲ, ಮಾನ್ಯರೇ. ದೀಪ ಆರಿಸಿ ಬಾಳಿದವರು ನಾವು. ತನ್ನದು ಬೇರೆಯವರ ಹಾಗಿಲ್ಲ, ದೇವರು ಕೈತಪ್ಪಿ ಮಾಡಿದ್ದು ಎಂದು ಸುಗಂಧಿ ಜೀವಮಾನವಿಡೀ ಹೆದರಿದ್ದಳಂತೆ. ಹೊಟ್ಟೆನೋವು ಬಂದರೂ ಡಾಕ್ಟರ ಹತ್ತಿರ ಹೋಗಲು ಒಪ್ಪದೆ ಇದ್ದದ್ದು ಅದಕ್ಕಂತೆ. ಶಿಬಿರದಲ್ಲಿ ಉಳಿದವರು ಮಾಡಿದ್ದನ್ನು ನೋಡಿ, “ಹಾಗಾದ್ರೆ ನಾನು ಸುಮ್ಮನೆ ಹೆದರಿದ್ದು” ಎಂದು ಕಣ್ಣೀರು ಬರುವವರೆಗೆ ನಕ್ಕಳಂತೆ. ಇಷ್ಟೂ ಕಮಲ ಹೇಳಿಯೇ ನನಗೆ ಗೊತ್ತು.

ನನಗೆ ಹೊಟ್ಟೆಕಿಚ್ಚು. ನಾನು ಬದುಕಿಡೀ ಕೇಳದ ಮಾತನ್ನು ಒಂದು ಮಧ್ಯಾಹ್ನ ಕೇಳಿಸಿಕೊಂಡ ಆ ವಿಜೇತಾಳ ಮೇಲೆ, ಗುಟ್ಟು ಗೊತ್ತಿದ್ದೂ ಬಾಯಿ ಬಿಡದ ಕಮಲಳ ಮೇಲೆ, ಸುಗಂಧಿಯ ಬೆರಳಿನ ಗುರುತು ಹೊತ್ತು ಕೂತ ಆ ಮಣ್ಣಿನ ಮೇಲೆ. ಎಲ್ಲಕ್ಕಿಂತ ಹೆಚ್ಚು ತಮ್ಮ ಮೇಲೆ. ಅವಳದ್ದನ್ನು ಚೆಂದ ಎಂದು ಹೇಳಿದ ಮೊದಲ ಗಂಡಸು ನಾನಾಗಬೇಕಿತ್ತು. ತಾವಾದಿರಿ. ಅದೂ ಮರುವಾಯಿ ಎಂದು ತಿಳಿದು! ಈಗ ಕೀಲಿಕೈಯೂ ತಮ್ಮ ಡ್ರಾಯರಿನಲ್ಲಿ.

ಆದ್ದರಿಂದ ನನ್ನ ಒತ್ತಾಯ ಇದು. ಬಾಗಿಲು ತೆರೆಯಿರಿ. ‘ಅಶ್ಲೀಲ’ ಎಂಬ ಆ ಶಬ್ದವನ್ನು ಹಿಂದೆ ತೆಗೆದುಕೊಳ್ಳಿ. ಅದು ಸತ್ತವಳಿಗೆ ಅಂಟಿದೆ. ಕಾಲೇಜು ಹುಡುಗಿಯರು ಬರಲಿ, ಮಲ್ಪೆಯಲ್ಲಿ ಮೀನು ಮಾರುವ ಹೆಂಗಸರು ಬರಲಿ, ಸುಮ್ಮನೆ ಹೆದರಿದವರೆಲ್ಲ ಬಂದು ನೋಡಿಕೊಳ್ಳಲಿ. ಅವರಿಗಷ್ಟೇ ಒಂದು ಹೊತ್ತು ಇಡುವುದಾದರೆ ಹೊರಗೆ ಚಪ್ಪಲಿ ಕಾಯಲು ನಾನಿದ್ದೇನೆ. ಕೊನೆಗೆ ನನ್ನನ್ನು ಒಳಗೆ ಬಿಡಿ. ಅವಳದ್ದು ಯಾವುದೆಂದು ಯಾರೂ ಹೇಳುವುದು ಬೇಡ. ಒಂದೊಂದರ ಮುಂದೆಯೂ ನಿಂತು ಚೆಂದ ಉಂಟು ಎನ್ನುತ್ತೇನೆ. ಒಂದು ಮಾತಾದರೂ ತಲುಪಬೇಕಾದಲ್ಲಿಗೆ ತಲುಪೀತು.

ಆ ಸಭಾಂಗಣಕ್ಕೆ ಪಡುವಣ ದಿಕ್ಕಿಗೆ ಕಿಟಕಿ ಉಂಟು. ಈಗಷ್ಟೇ ಬಿಸಿಲು ತಮ್ಮ ಬೀಗವನ್ನು ಕೇಳದೆ ಒಳಗೆ ಹೋಗಿ ಎಲ್ಲವನ್ನೂ ನೋಡಿರಬೇಕು. ಅದರ ಮೇಲೂ ನನಗೆ ಹೊಟ್ಟೆಕಿಚ್ಚು. ಇಲ್ಲಿ ಜಗಲಿಯಲ್ಲಿ ಬೆಳಕು ಹೋಗುತ್ತಾ ಉಂಟು, ಅಕ್ಷರ ಕಾಣುವುದಿಲ್ಲ.

ಇಂತಿ,
ಹೊಗಳುವುದರಲ್ಲಿ ತಮಗಿಂತ ಹಿಂದೆ ಬಿದ್ದ
ಸುಗಂಧಿಯ ಗಂಡ, ಕಾಪು ದೇಜಪ್ಪ