ಖಾಲಿ ಹಾಳೆಯ ಮೇಲಿನ ಬೆರಳು

೩೦ ನವೆಂಬರ್ ೧೯೪೬, ಶನಿವಾರ
ವಿಜಾಪುರ

ಬೆಳಗಿನ ಪ್ರಾರ್ಥನೆಯಲ್ಲಿ ಅಪ್ಪ ಬೈಬಲ್ ತೆರೆದು ಯೆಶಾಯನ ಅಧ್ಯಾಯ ಓದುತ್ತಿದ್ದಾಗ ಕಣ್ಣು ಬಿಟ್ಟು ನೋಡಿದೆ. ಅವರ ಬೆರಳು ಹಳೆಯ ಒಡಂಬಡಿಕೆ ಮುಗಿದು ಹೊಸದು ಶುರುವಾಗುವ ನಡುವಿನ ಖಾಲಿ ಹಾಳೆಯ ಮೇಲೆ ಸರಿಯುತ್ತಿತ್ತು. ಒಂದು ಮಾತೂ ತಪ್ಪಲಿಲ್ಲ.

ಅವ್ವನಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ಕಣ್ಣಿಗಿ ಪೊರಿ ಬಂದೈತಿ. ಬಿ.ಎ. ಓದಿದಾಕಿಗಿ ಇವತ್ತ ಕಂಡಿತೇನ ಬೇ? ನಮಗ ಗೊತ್ತೈತಂತ ತಿಳದ್ರ ನಿಮ್ಮಪ್ಪ ಉಣ್ಣೂದ ಬಿಡ್ತಾರ. ಸುಮ್ಮನಿರು.”

ತಿಕೋಟಾದ ನಮ್ಮ ಹಳೆಯ ಮನೆಯ ಕಟ್ಟೆ ನೆನಪಾಯಿತು. ನಾನು ಅಕ್ಷರ ಕಲಿತದ್ದೇ ಅಲ್ಲಿ, ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ವಾರದ ಆಗಮನ ಕಾಲದ ಸಂಜೆಗಳಲ್ಲಿ, ಅಪ್ಪನ ತೊಡೆಯ ಮೇಲೆ. ಆ ಬೆರಳು ಸಾಲಿನ ಕೆಳಗೆ ಸರಿದಂತೆ ನನ್ನ ಕಣ್ಣೂ ಸರಿಯುತ್ತಿತ್ತು. ನೆರೆಮನೆಯ ಗುರುಬಸವ್ವ ನಮ್ಮ ಕಂದೀಲಿಗೆ ತನ್ನ ಎಣ್ಣೆ ಹಾಕಿ, “ಇನ್ನೊಂದೀಟ ಓದ್ರಿ, ನಿಮ್ಮ ದೇವರ ಕತಿ ಛಲೋ ಐತಿ” ಎನ್ನುತ್ತಿದ್ದಳು. ಕ್ರಿಸ್ಮಸ್ಸಿಗಿಂತ ಆ ಕಾಯುವ ದಿನಗಳೇ ನನಗೆ ಹಬ್ಬ.

ನಾಳೆ ಆಗಮನದ ಮೊದಲ ರವಿವಾರ. ಚರ್ಚಿನಲ್ಲಿ ವಾಚನ ಎಂದಿನಂತೆ ಅಪ್ಪನದೇ. ಆದರೆ ಹೊಸ ಪಾದ್ರಿಗಳು ಯೆಶಾಯನನ್ನು ಬಿಟ್ಟು ಹೊಸ ಒಡಂಬಡಿಕೆಯ ಪೇತ್ರನ ಪತ್ರಿಕೆಯಿಂದ ಒಂದು ಭಾಗ ಗೊತ್ತುಮಾಡಿದ್ದಾರೆ. ಅದು ಅಪ್ಪನಿಗೆ ಬಾಯಿಪಾಠವಿಲ್ಲ. ಸಂಜೆ ಆ ಸುದ್ದಿ ಬಂದಾಗಿನಿಂದ ಅವರು ಮುಚ್ಚಿದ ಬೈಬಲ್ಲನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದಾರೆ.

ಅವರ ಬದಲು ನಾನು ನಿಂತು ಓದಿದರೆ ಊರಿಗೆಲ್ಲ ತಿಳಿಯುತ್ತದೆ. ಹಾಗೆ ಮಾಡಲಾರೆ. ನಸುಕಿನಲ್ಲೇ ಎಬ್ಬಿಸುತ್ತೇನೆ. “ಅಪ್ಪಾ, ಗಟ್ಟಿ ಓದಾಕ ನನಗ ನಾಚಿಕಿ, ಒಂದೀಟ ರೂಢಿ ಮಾಡಸ್ರಿ” ಎಂದು ಪೇತ್ರನ ಆ ಭಾಗವನ್ನೇ ತೆಗೆಯುತ್ತೇನೆ. ಅದು ಅವರ ಬಾಯಿಗೆ ಬರುವವರೆಗೂ ಬೇಕೆಂದೇ ತಪ್ಪುತ್ತ, ಮತ್ತೆ ಮೊದಲಿನಿಂದ ಓದುತ್ತೇನೆ.