ಸತ್ತ ಮುಳ್ಳಿನ ಬೆಳಕು

ಅಪ್ಪ,

ಮೈ ಚೆನ್ನಾಗಿದೆ, ತಲೆ ಮಾತ್ರ ಕೆಟ್ಟು ಹೋಗಿದೆ. ಎಳ್ಳಿಗಿಂತ ಚಿಕ್ಕ ಚಿಪ್‌ನಿಂದ ಬೆಳಕನ್ನು ಒಂದೊಂದೇ ಕಣವಾಗಿ ಹೊರಡಿಸಿ ಎಣಿಸುವುದು ನನ್ನ ಕೆಲಸವಲ್ಲವೇ? ಮೂರು ವಾರದಿಂದ ಲೇಸರ್ ಆರಿಸಿದರೂ ಕಗ್ಗತ್ತಲೆ ಕೋಣೆಯಲ್ಲಿ ಯಂತ್ರ ಎಣಿಸುತ್ತಲೇ ಇತ್ತು. ಹೊಸದೇನೋ ಸಿಕ್ಕಿತೆಂದು ಕುಣಿದಾಡಿ ಪ್ರಬಂಧವನ್ನೂ ಬರೆದಿಟ್ಟೆ. ಇವತ್ತು ಪ್ರೊಫೆಸರ್ ಕರೆದು, “ನೀನು ಒಳಗಿದ್ರೆ ಮಾತ್ರ ಹಿಂಗಾಗುತ್ತಲ್ಲಮ್ಮ, ಆ ಗಡಿಯಾರ ಹೊರಗೆ ಬಿಚ್ಚಿಟ್ಟು ಒಳಗೆ ಹೋಗು ನೋಡೋಣ” ಅಂದರು. ಹೊರಡುವಾಗ ನೀವು ನನ್ನ ಕೈಗೆ ಕಟ್ಟಿದ ಹಳೇ ಗಡಿಯಾರ! ಬಿಚ್ಚಿಟ್ಟೆ, ಎಣಿಕೆ ಹೆಚ್ಚುಕಡಿಮೆ ನಿಂತೇಹೋಯಿತು.

ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದ ನೀವೇ, “ಮುಳ್ಳಿನ ಹೊಳಪು ಸತ್ತೋಗಿದೆ ಮಗಳೇ, ಕತ್ತಲಲ್ಲಿ ಕಾಣಲ್ಲ” ಅಂದಿದ್ದಿರಿ. ಮುಳ್ಳಿಗೆ ಬಳಿದ ಬಣ್ಣದಲ್ಲಿ ಅಳಿದುಳಿದ ಬೆಳಕು ನನಗೂ ಕಾಣುವುದಿಲ್ಲ, ಯಂತ್ರಕ್ಕೆ ಕಾಣುತ್ತದೆ. ಪ್ರಬಂಧ ಹರಿದು ಹಾಕಿದೆ. ನಗಬೇಕೋ ಅಳಬೇಕೋ, ಯಾರ ಕಣ್ಣನ್ನು ನಂಬಬೇಕೋ ಒಂದೂ ಗೊತ್ತಾಗುತ್ತಿಲ್ಲ.

ನನ್ನ ಕೆಮ್ಮು ವಾಸಿಯಾಗಿದೆ. ನೀವು ಮಾತ್ರ “ಆಪರೇಷನ್ ಯಾಕೆ, ನನ್ನ ಕಣ್ಣಲ್ಲಿ ಬೆಳಕೇ ಸತ್ತೋಗಿದೆ” ಅಂತ ಕಣ್ಣಿನ ಡಾಕ್ಟರನ್ನು ವಾಪಸ್ ಕಳಿಸಿದಿರಂತೆ, ಅಮ್ಮ ಬರೆದಿದ್ದಾಳೆ. ಗಡಿಯಾರಕ್ಕೂ ನೀವು ಇದೇ ಮಾತು ಹೇಳಿದ್ದಿರಿ. ನಾಳೆಯೇ ಆಸ್ಪತ್ರೆಗೆ ಹೋಗಿ. ಕಾರ್ಡು ತುಂಬಿತು.

ನಿಮ್ಮ ಮಗಳು